‘ಮೆಹಲ್’ ಅಂದರೆ ಏನು, ಹೋಗಲೇಬೇಕಾ?

ಹೊಸದಾಗಿ ಐರ್ಲೆಂಡಿನ ಕಿಲ್ಡೇರ್‌ನಲ್ಲಿ ಮನೆ ಮಾಡಿದ್ದೀರಿ. ಎಸ್ಟೇಟಿನ, ಅಂದರೆ ನಿಮ್ಮ ಬಡಾವಣೆಯ, ವಾಟ್ಸಾಪ್ ಗ್ರೂಪಿನಲ್ಲಿ ‘ಶನಿವಾರ ಹತ್ತು ಗಂಟೆಗೆ ಮೆಹಲ್, ಗ್ಲೌಸ್ ತನ್ನಿ’ ಅಂತ ಮೆಸೇಜ್ ಬಂದಿದೆ. ಹಾಗಂದರೇನು, ದುಡ್ಡು ಕಟ್ಟಬೇಕಾ, ಹೋಗದಿದ್ದರೆ ತಪ್ಪು ತಿಳಿಯುತ್ತಾರಾ ಅಂತ ಕೇಳಿದ್ದೀರಿ. ಮೆಹಲ್ ಅಂದರೆ ನೆರೆಹೊರೆಯವರೆಲ್ಲ ಸೇರಿ ಮಾಡುವ ಕೆಲಸ. ದುಡ್ಡಿಲ್ಲ, ಬಲವಂತವೂ ಇಲ್ಲ. ಆದರೆ ದಯವಿಟ್ಟು ಹೋಗಿ.

ಬರೆದದ್ದು (Meitheal) ನೋಡಿದರೆ ಮೈಥೀಲ್ ಅಂತ ಓದಬೇಕು ಅನ್ನಿಸುತ್ತದೆ. ಐರಿಷ್‌ನಲ್ಲಿ ‘ಟಿ’ ಪಕ್ಕ ‘ಎಚ್’ ಬಂದರೆ ಬರೀ ‘ಹ’ ಕೇಳಿಸುತ್ತದೆ, ಅದಕ್ಕೇ ಮೆಹಲ್. ಹಳೆಯ ಐರಿಷ್‌ನಲ್ಲಿ ಇದಕ್ಕೆ ಕೊಯ್ಲಿಗೆ ಬಂದವರ ಗುಂಪು ಅಂತ ಅರ್ಥ. ಮೂಲದಲ್ಲಿರುವುದು ಪೈರು ಕೊಯ್ಯುವ ಕೆಲಸವೇ. ವೆಲ್ಶ್ ಭಾಷೆಯ ‘ಮೆಡೆಲ್’ ಇದರ ದಾಯಾದಿ, ಅಲ್ಲೂ ಅರ್ಥ ಕೊಯ್ಲಿನ ಗುಂಪೇ.

ಆಮೇಲೆ ನೆರೆಹೊರೆಯವರು ಸೇರಿ ಮಾಡುವ ಎಲ್ಲ ಕೆಲಸಕ್ಕೂ ಇದೇ ಹೆಸರು ಬಂತು. ನಮ್ಮ ಕಡೆಯ ಮುಯ್ಯಾಳು ಗೊತ್ತಲ್ವಾ? ಇವತ್ತು ನಿಮ್ಮ ಗದ್ದೆಯ ನಾಟಿಗೆ ನಾವು, ನಾಳೆ ನಮ್ಮದಕ್ಕೆ ನೀವು. ಹೆಚ್ಚುಕಮ್ಮಿ ಅದೇ. ಇಲ್ಲಿನ ಮಳೆಯನ್ನು ನೀವು ಆಗಲೇ ನೋಡಿದ್ದೀರಿ. ದನಗಳ ಹುಲ್ಲು ಕೊಯ್ದು ಒಣಗಿಸಲು ಬಿಸಿಲು ಸಿಗುವುದೇ ಕಮ್ಮಿ. ಸಿಕ್ಕಾಗ ಊರಿನವರೆಲ್ಲ ಕೈ ಹಾಕಿದರೆ ಮಾತ್ರ ಹುಲ್ಲು ಉಳಿಯುತ್ತಿತ್ತು. ಒಲೆಗೆ ಟರ್ಫ್ (ಒಣಗಿಸಿ ಉರಿಸುವ ಜೌಗು ಮಣ್ಣು) ಕಡಿಯುವಾಗಲೂ ಹಾಗೇ. ಜೌಗು ನೆಲದ ಕಪ್ಪು ಮಣ್ಣನ್ನು ‘ಶ್ಲಾನ್’ ಅನ್ನುವ ಉದ್ದ ಹಿಡಿಯ ಸಲಿಕೆಯಲ್ಲಿ ಒಬ್ಬ ಕಡಿದರೆ, ಇನ್ನೊಬ್ಬ ಹಿಡಿದು ಆಚೆ ಹಾಕುತ್ತಿದ್ದ. ಒಕ್ಕಣೆ ಯಂತ್ರ ಮನೆಯಿಂದ ಮನೆಗೆ ಹೋದರೆ ಜನವೂ ಅದರ ಹಿಂದೆಯೇ. ಕೂಲಿ ಇರಲಿಲ್ಲ, ಊಟ ಮನೆಯವರದ್ದು. ಕೊಯ್ಲು, ಒಕ್ಕಣೆ ಎರಡನ್ನೂ ಮಾಡುವ ಕಂಬೈನ್ ಯಂತ್ರ ಬಂದಮೇಲೆ ಹೊಲದ ಮೆಹಲ್ ಕಮ್ಮಿಯಾಯಿತು.

ಪದ ಮಾತ್ರ ಹೋಗಲಿಲ್ಲ. ನಿಮಗೆ ಚಿಕ್ಕ ಮಕ್ಕಳಿರುವುದರಿಂದ ಒಂದು ಮಾತು. ಮಕ್ಕಳ ಮತ್ತು ಕುಟುಂಬಗಳ ಸರ್ಕಾರಿ ಸಂಸ್ಥೆ ಟುಸ್ಲಾದ ಒಂದು ಯೋಜನೆಯ ಹೆಸರೂ ಮೆಹಲ್. ಮಗುವಿಗೆ ಹೆಚ್ಚಿನ ನೆರವು ಬೇಕು ಅನ್ನಿಸಿದಾಗ ಟೀಚರು, ನರ್ಸು, ತಂದೆತಾಯಿ ಎಲ್ಲರೂ ಒಟ್ಟಿಗೆ ಕೂತು ಮಾತಾಡುವ ವ್ಯವಸ್ಥೆ. ನೀವು ಒಪ್ಪದೆ ಅದು ಶುರುವಾಗುವುದೇ ಇಲ್ಲ. ಶಾಲೆಯಿಂದ ಎಂದಾದರೂ ಈ ಮಾತು ಬಂದರೆ ಗಾಬರಿ ಬೇಡ.

ಇಲ್ಲಿನವರು ಹಾಯ್ ಅಂದು ಹೋಗಿಬಿಡುತ್ತಾರೆ, ಹತ್ತಿರವಾಗುವುದಿಲ್ಲ ಅಂತಲೂ ಬರೆದಿದ್ದೀರಿ. ನನಗೂ ಮೊದಲು ಹಾಗೇ ಅನ್ನಿಸುತ್ತಿತ್ತು. 2018ರ ಮಾರ್ಚ್‌ನಲ್ಲಿ ಎಮ್ಮಾ ಬಿರುಗಾಳಿಯ ಹಿಮ ಬಿತ್ತು. ಅಂಗಡಿಗಳಲ್ಲಿ ಬ್ರೆಡ್ ಇಲ್ಲ, ಕಾರು ಗೇಟು ದಾಟುವಂತಿಲ್ಲ. ಬೆಳಿಗ್ಗೆ ನೋಡಿದರೆ ಆಚೆ ಜಮೀನಿನ ರೈತರೊಬ್ಬರು ಟ್ರ್ಯಾಕ್ಟರ್ ತಂದು ನಮ್ಮ ರಸ್ತೆಯ ಹಿಮ ತಳ್ಳುತ್ತಿದ್ದರು. ಯಾರೂ ಕರೆದಿರಲಿಲ್ಲ. ನಾವೆಲ್ಲ ಸಲಿಕೆ ಹಿಡಿದು ಹೊರಗೆ ಬಂದೆವು. ಎದುರು ಮನೆಯವರ ಹೆಸರು ನನಗೆ ಗೊತ್ತಾಗಿದ್ದು ಅವತ್ತೇ. ಇಲ್ಲಿ ಜನ ಮನೆಗೆ ಕರೆದು ಕೂರಿಸಿ ಮಾತಾಡಿಸುವುದು ಕಮ್ಮಿ. ಪಕ್ಕದಲ್ಲಿ ನಿಂತು ಕೆಲಸ ಮಾಡುವಾಗ ಮಾತು ತಾನಾಗೇ ಬರುತ್ತದೆ.

ಶನಿವಾರ ಬಹುಶಃ ಕಸ ಹೆಕ್ಕುವುದು, ಬೇಲಿ ಗಿಡ ಕತ್ತರಿಸುವುದು, ಹೂವಿನ ಸಸಿ ನೆಡುವುದು ಇರುತ್ತದೆ. ಹಳೇ ಬಟ್ಟೆ, ಮಳೆ ಜಾಕೆಟ್, ಕೆಸರಾದರೂ ಪರವಾಗಿಲ್ಲ ಅನ್ನುವ ಬೂಟು ಹಾಕಿಕೊಳ್ಳಿ. ಮಕ್ಕಳನ್ನೂ ಕರೆದುಕೊಂಡು ಹೋಗಿ. ಕೆಲಸ ಮುಗಿದ ತಕ್ಷಣ ಹೊರಟುಬಿಡಬೇಡಿ, ಟೀ ಕುಡಿಯಲು ನಿಲ್ಲಿ.

ಇನ್ನೊಂದು ವಿಷಯ ನಮ್ಮವರಿಗೆ ಕಷ್ಟ. ನಾವು ಸಹಾಯ ಮಾಡುತ್ತೇವೆ, ಕೇಳುವುದಕ್ಕೆ ಮಾತ್ರ ಸಂಕೋಚ. ಆದರೆ ಮುಯ್ಯಿ ಎರಡೂ ಕಡೆಯಿಂದ ನಡೆಯಬೇಕು ಅಲ್ವಾ? ಡಿಸೆಂಬರ್‌ನಲ್ಲಿ ಊರಿಗೆ ಹೋಗುತ್ತೀರಲ್ಲ, ನಿಮ್ಮ ಕಸದ ಬಿನ್ ಹೊರಗಿಡಲು, ಮನೆ ಕಡೆ ಒಂದು ಕಣ್ಣಿಡಲು ಪಕ್ಕದವರನ್ನೇ ಕೇಳಿ. ಅವರು ಖುಷಿಯಿಂದ ಒಪ್ಪುತ್ತಾರೆ.