ಎರಡು ಸೀಟಿನ ಕಾರು, ಐದು ಜನರ ಮನೆ

"ಹೇಗಾದ್ರೂ ಮಾಡಿ ಆ ಕಾರು ಮಾರೋ ಹಾಗೆ ಮಾಡಿ ಮೇಡಂ" ಅಂತ ಕೇಳಿಕೊಂಡು, ಸಂಸಾರದ ಸಲಹೆಗೆ ನನ್ನ ಹತ್ತಿರ ಬಂದವರು ವೀಣಾ. ಗಂಡ ಶ್ರೀಧರ ಪಕ್ಕದಲ್ಲೇ ಕೂತಿದ್ದರು, ತುಟಿ ಬಿಚ್ಚಲಿಲ್ಲ. ಇಬ್ಬರ ಹೆಸರನ್ನೂ ಬದಲಿಸಿದ್ದೇನೆ. ಊರು ಕುಮಟಾ, ಹೊನ್ನಾವರದ ಕಡೆ ಅಂತ ಇಟ್ಟುಕೊಳ್ಳಿ. ಕಾರು ಯಾವ ಕಂಪನಿಯದು, ಯಾವ ಬಣ್ಣ ಅಂತಲೂ ಹೇಳೋದಿಲ್ಲ. ನಮ್ಮ ಜಿಲ್ಲೆಯಲ್ಲಿ ಛಾವಣಿ ಮಡಚುವ ಎರಡು ಸೀಟಿನ ಸ್ಪೋರ್ಟ್ಸ್ ಕಾರು ಎಷ್ಟಿದ್ದಾವು? ಬಣ್ಣ ಹೇಳಿದರೆ ಸಾಕು, ಯಾರ ಮನೆಯದು ಅಂತ ಊರಿಗೇ ಗೊತ್ತಾಗುತ್ತದೆ. ಇದನ್ನು ಬರೆಯಲು ಇಬ್ಬರೂ ಒಪ್ಪಿದ್ದಾರೆ.

ಶ್ರೀಧರ ಅವರಿಗೆ 44 ವರ್ಷ. ಅಪ್ಪ ತೀರಿಕೊಂಡಾಗ ಕಾಲೇಜು ಅರ್ಧಕ್ಕೆ ಬಿಟ್ಟು ಸಿಮೆಂಟು, ಕಬ್ಬಿಣದ ಅಂಗಡಿಯಲ್ಲಿ ಕೂತವರು. ತಂಗಿಯರ ಮದುವೆ ಮಾಡಿದರು, ಮನೆ ಕಟ್ಟಿದರು. ವೀಣಾ ಹೈಸ್ಕೂಲ್ ಟೀಚರ್, ತವರು ಶಿರಸಿ ಹತ್ತಿರ, ಅಡಿಕೆ ತೋಟದ ಮನೆ. ಮಗಳಿಗೆ 9, ಮಗನಿಗೆ 5. ಮನೆಯಲ್ಲಿ ಮಂಡಿನೋವಿನ ಅತ್ತೆ. ಮನೆ ಮಂದಿಗೆಲ್ಲ ಅಂತ ಒಂದು ಹಳೇ ಕಾರು ಮೊದಲಿಂದಲೂ ಇದೆ, ಅದನ್ನು ಓಡಿಸುವುದು ಶ್ರೀಧರ ಒಬ್ಬರೇ. ವೀಣಾಗೆ ಬರುತ್ತಿದ್ದದ್ದು ಸ್ಕೂಟಿ ಮಾತ್ರ.

ಸ್ಪೋರ್ಟ್ಸ್ ಕಾರು ಬಂದದ್ದು ಪುಣೆಯಿಂದ, ಸೆಕೆಂಡ್ ಹ್ಯಾಂಡ್. ರವಿವಾರ ಬೆಳಿಗ್ಗೆ ಮಾತ್ರ ಅದು ಹೊರಗೆ ಬರುತ್ತದೆ.

ಶ್ರೀಧರ ಅವರನ್ನು ಒಬ್ಬರನ್ನೇ ಕೂರಿಸಿ ಮಾತಾಡಿಸಿದಾಗ ಬೇರೆಯೇ ಮನುಷ್ಯ. ಹುಡುಗನಾಗಿದ್ದಾಗ ಯಾವುದೋ ಇಂಗ್ಲಿಷ್ ಪತ್ರಿಕೆಯಲ್ಲಿ ಜಪಾನಿನ ಮಜ್ದಾ ಎಂಎಕ್ಸ್-5 ಕಾರಿನ ಚಿತ್ರ ನೋಡಿದ್ದರಂತೆ. 1989ರಲ್ಲಿ ಬಂದ ಪುಟ್ಟ ಎರಡು ಸೀಟಿನ ಗಾಡಿ ಅದು, 2016ರ ಹೊತ್ತಿಗೆ ಹತ್ತು ಲಕ್ಷ ತಯಾರಾಗಿತ್ತು, ನಮ್ಮ ದೇಶದ ಶೋರೂಮಿಗೆ ಮಾತ್ರ ಬರಲೇ ಇಲ್ಲ ಅಂತ ಅವರೇ ನನಗೆ ವಿವರಿಸಿದರು. ಅದು ಸಿಗದಿದ್ದರೂ ಅಂಥದ್ದೇ ಒಂದು ಅಂತ ಇಪ್ಪತ್ತು ವರ್ಷ ಆಸೆ ಇಟ್ಟುಕೊಂಡು ಕೊನೆಗೆ ತಂದರು. "ಅಂಗಡಿಗೆ ಬರೋರೆಲ್ಲ ಏನಾದ್ರೂ ಕೇಳೋಕೇ ಬರ್ತಾರೆ ಮೇಡಂ. ಸಾಲ ಕೇಳ್ತಾರೆ, ರೇಟು ಕಮ್ಮಿ ಕೇಳ್ತಾರೆ. ಮನೆಗೆ ಬಂದ್ರೆ ಅಲ್ಲೂ ಅದೇ. ದೇವಿಮನೆ ಘಟ್ಟ ಹತ್ತುವಾಗ ಮಾತ್ರ ಯಾರೂ ಏನೂ ಕೇಳೋದಿಲ್ಲ" ಅಂದರು. ಛಾವಣಿ ಮಡಚಿ, ಎರಡನೇ ಗೇರಿನಲ್ಲಿ ಒಂದೊಂದೇ ತಿರುವು ತೆಗೆದುಕೊಂಡು ಹೋದರೆ ಕಾಡಿನ ತಂಪು ನೇರ ತಲೆ ಮೇಲೆ ಇಳಿಯುತ್ತದಂತೆ. ಕೈ ಸ್ಟೇರಿಂಗ್ ಹಿಡಿದ ಹಾಗೆ ಗಾಳಿಯಲ್ಲಿ ತಿರುಗುತ್ತಿತ್ತು, ಅವರಿಗೇ ಗೊತ್ತಿರಲಿಲ್ಲ. ಇಂಥ ಖುಷಿಯನ್ನು ನಾನು ಹಗುರವಾಗಿ ನೋಡೋದಿಲ್ಲ. ಹದಿಹರೆಯದಲ್ಲೇ ಮನೆಯ ಭಾರ ಹೊತ್ತವರಿಗೆ ನಲವತ್ತರ ನಂತರ ತಮ್ಮದು ಅಂತ ಒಂದು ಬೇಕು ಅನಿಸುವುದು ಸಹಜ, ಅದರಲ್ಲಿ ತಪ್ಪು ಹುಡುಕುವಂಥದ್ದು ಏನೂ ಇಲ್ಲ.

ವೀಣಾ ಒಬ್ಬರೇ ಬಂದ ದಿನ ಮೊದಲು ಹೇಳಿದ್ದು ತೆಳ್ಳೇವಿನ, ಅಂದರೆ ನಮ್ಮ ಕಡೆಯ ತೆಳು ದೋಸೆಯ ವಿಷಯ. ರವಿವಾರ ಬೆಳಿಗ್ಗೆ ಐದೂವರೆಗೆ ಕಾರು ಹೊರಡುತ್ತದೆ. "ಎಂಟೂವರೆಗೆ ಬರ್ತೆ" ಅಂತ ಹೇಳಿ ಹೋಗುತ್ತಾರೆ. ಹಿಟ್ಟು ಸಿದ್ಧ ಇರುತ್ತದೆ, ಅಪ್ಪ ಬಂದ ಮೇಲೇ ತಿಂಡಿ ಅಂತ ಮಕ್ಕಳು ಕಾಯುತ್ತಾರೆ. ಒಂಬತ್ತಾಗುತ್ತದೆ, ಹತ್ತಾಗುತ್ತದೆ. ಅತ್ತೆಯ ಮಾತ್ರೆ ಹೊತ್ತು ಮೀರುತ್ತದೆ. ಕೊನೆಗೆ ಇವರೇ ಬಾವಿಕಟ್ಟೆ ಹತ್ತಿರ ನಿಂತ ಮಗನನ್ನು ಎಳೆದು ತಂದು ತಿನ್ನಿಸುತ್ತಾರೆ. ಹನ್ನೊಂದೂವರೆಗೆ ಕಾರು ಅಂಗಳಕ್ಕೆ ಬರುತ್ತದೆ, ನಗುನಗುತ್ತ ಇಳಿಯುತ್ತಾರೆ, ಆಮೇಲೆ ಒಂದು ತಾಸು ಅದನ್ನು ಒರೆಸುತ್ತಾರೆ.

ಇಷ್ಟು ಹೇಳಿ ಸುಮ್ಮನಾದರು. ಇನ್ನೂ ಏನೋ ಇದೆ ಅನಿಸಿ ನಾನೂ ಸುಮ್ಮನೆ ಕಾದೆ. ಆಮೇಲೆ ಬಂತು: "ದೇವಿಮನೆ ಹತ್ತಿ ಹೋದ್ರೆ ನನ್ನ ತವರಿನ ದಾರಿ ಮೇಡಂ. ಇವ್ರು ಪ್ರತಿ ರವಿವಾರ ಅಲ್ಲಿವರೆಗೆ ಹೋಗಿ, ಘಟ್ಟ ಮುಗೀತಿದ್ದಂಗೆ ತಿರುಗಿಸ್ಕೊಂಡು ಬರ್ತಾರೆ. ನನ್ನ ಆಯಿಗೆ ಹುಷಾರಿಲ್ದೆ ಇದ್ದಾಗ ನಾನು ಎರಡು ಮಕ್ಕಳನ್ನ ಕಟ್ಕೊಂಡು ಬಸ್ಸಲ್ಲಿ ಹೋದೆ. ಅದೇ ವಾರ ಇವ್ರು ಅದೇ ಘಟ್ಟಕ್ಕೆ ಹೋಗಿ ಫೋಟೋ ತೆಗೆದು ಸ್ಟೇಟಸ್ ಹಾಕಿದ್ರು."

ಸೀಟು ಎರಡೇ ಅನ್ನೋದು ಈ ಮನೆಯಲ್ಲಿ ದೊಡ್ಡ ಸಂಗತಿ. ಇಂಥ ಕಾರು ಹೊರಟಿತು ಅಂದರೆ ಯಾರಾದರೂ ಮನೆಯಲ್ಲಿ ಉಳಿಯಲೇಬೇಕು, ಅದು ಯಾರು ಅಂತ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ, ಆದರೆ ಪ್ರತಿ ವಾರ ಒಬ್ಬರೇ ಉಳಿಯುತ್ತಿದ್ದರು. ಪಕ್ಕದ ಸೀಟಿಗೆ ಅಕ್ಕ ತಮ್ಮ ಇಬ್ಬರೂ ಕಿತ್ತಾಡುತ್ತಾರೆ ಅಂತ ಶ್ರೀಧರ ಯಾರನ್ನೂ ಕರೆದುಕೊಂಡು ಹೋಗುವುದನ್ನೇ ಬಿಟ್ಟಿದ್ದರು. ಅವರ ಲೆಕ್ಕದಲ್ಲಿ ಅದು ನ್ಯಾಯ. ಮಕ್ಕಳ ಲೆಕ್ಕದಲ್ಲಿ ಅಪ್ಪ ಬೆಳಕು ಹರಿಯುವ ಮುಂಚೆ ಒಬ್ಬನೇ ಎದ್ದು ಹೋಗುತ್ತಾನೆ.

ಕಾರು ಮಾರಿ ಅಂತ ನಾನು ಹೇಳಲಿಲ್ಲ. ಅದು ಕೊಡೋಕೆ ಸುಲಭದ ಸಲಹೆ. ಹೆಂಡತಿಯ ಹಟಕ್ಕೆ ಮಾರಿದ್ದು ಅಂತ ಮನಸ್ಸಿನಲ್ಲಿ ಕೂತರೆ ಅದು ವರ್ಷಗಟ್ಟಲೆ ಹೋಗೋದಿಲ್ಲ, ಮುಂದೆ ಪ್ರತಿ ಜಗಳದಲ್ಲೂ ಆ ಕಾರು ಮತ್ತೆ ಅಂಗಳಕ್ಕೆ ಬಂದು ನಿಲ್ಲುತ್ತದೆ. ಅಷ್ಟೇ ಅಲ್ಲ, ಕಾರು ಹೋದರೆ ವೀಣಾಗೆ ರವಿವಾರ ಬೆಳಿಗ್ಗೆ ಏನು ಸಿಗುತ್ತಿತ್ತು? ಅದೇ ಅಡುಗೆ ಮನೆ, ಜೊತೆಗೆ ಮುಖ ಊದಿಸಿಕೊಂಡು ಕೂತ ಗಂಡ.

ಇಬ್ಬರಿಗೂ ಒಂದೊಂದು ನೋಟ್‌ಬುಕ್ ಕೊಟ್ಟೆ. ಎರಡು ವಾರ, ಎದ್ದಾಗಿನಿಂದ ಮಲಗುವವರೆಗೆ ಯಾವ ಹೊತ್ತಿನಲ್ಲಿ ಏನು ಮಾಡಿದಿರಿ ಅಂತ ಬರೆಯಿರಿ, ಒಬ್ಬರದ್ದು ಒಬ್ಬರು ನೋಡಬೇಡಿ. ತಂದು ಮೇಜಿನ ಮೇಲೆ ಪಕ್ಕಪಕ್ಕ ಇಟ್ಟಾಗ ನಾನು ಏನೂ ಹೇಳಬೇಕಾಗಲಿಲ್ಲ. ವೀಣಾ ಅವರ ಪುಟಗಳಲ್ಲಿ ತನಗೆ ಅಂತ ಇದ್ದ ಹೊತ್ತು ರಾತ್ರಿ ಟಿವಿ ಮುಂದೆ ಕೂತ ಅರ್ಧ ತಾಸು, ಅದೂ ನಾಳೆಯ ಅವರೆಕಾಳು ಸುಲಿಯುತ್ತ. ಶ್ರೀಧರ ಆ ಸಾಲಿನ ಮೇಲೆ ಬೆರಳಿಟ್ಟುಕೊಂಡು ತುಂಬಾ ಹೊತ್ತು ಕೂತರು. ಇದು ನಿಮ್ಮ ಮನೆಯದ್ದಷ್ಟೇ ಕಥೆಯಲ್ಲ ಅಂದೆ. ಕೇಂದ್ರ ಸರ್ಕಾರ 2019ರಲ್ಲಿ ಸಮಯ ಬಳಕೆ ಸಮೀಕ್ಷೆ ಮಾಡಿತ್ತು. ಸಂಬಳವಿಲ್ಲದ ಮನೆಗೆಲಸಕ್ಕೆ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರೆ ಗಂಡಸರು 97 ನಿಮಿಷ. ಅದೂ ಆ ಕೆಲಸಕ್ಕೆ ಕೈಹಾಕುವ ಗಂಡಸರ ಲೆಕ್ಕ ಮಾತ್ರ, ಅಂಥವರು ನೂರಕ್ಕೆ 26 ಜನ.

ಹಾಗಾಗಿ ಮೊದಲ ಸಲಹೆ ವೀಣಾ ಅವರ ಹೊತ್ತಿನ ಬಗ್ಗೆ. ರವಿವಾರ ಬೆಳಿಗ್ಗೆ ಮೂರು ತಾಸು ಶ್ರೀಧರ ಅವರದ್ದು ಅಂತಾದರೆ ಶನಿವಾರ ಮಧ್ಯಾಹ್ನ ಮೂರು ತಾಸು ವೀಣಾ ಅವರದ್ದು. ಆ ಹೊತ್ತಿಗೆ ಅಂಗಡಿಯನ್ನು ಹುಡುಗರು ನೋಡಿಕೊಳ್ಳುತ್ತಾರೆ, ಶ್ರೀಧರ ಮನೆಯಲ್ಲಿ ಇರುತ್ತಾರೆ. ಮಗನ ಹೋಮ್‌ವರ್ಕ್, ಅಮ್ಮನ ಮಂಡಿಗೆ ಎಣ್ಣೆ ತಿಕ್ಕುವುದು, ಸಂಜೆಯ ಚಾ, ಎಲ್ಲ ಅವರದ್ದೇ. "ನಾನು ಹೆಲ್ಪ್ ಮಾಡ್ತೆ" ಅಂದರು. ಹೆಲ್ಪ್ ಬೇಡ, ಆ ಮೂರು ತಾಸು ಮನೆ ನಿಮ್ಮದು, ಎಣ್ಣೆ ಬಾಟಲಿ ಎಲ್ಲಿದೆ ಅಂತ ಫೋನ್ ಮಾಡಿ ಕೇಳೋ ಹಾಗಿಲ್ಲ ಅಂದೆ. ಮೊದಲ ಶನಿವಾರ ವೀಣಾಗೆ ಎಲ್ಲಿ ಹೋಗೋದು ಅಂತಲೇ ತೋಚಲಿಲ್ಲವಂತೆ. ದೇವಸ್ಥಾನಕ್ಕೆ ಹೋಗಿ ಕೂತು ಬಂದರು. ಇದು ತುಂಬಾ ಹೆಂಗಸರಲ್ಲಿ ಕಾಣುವ ಸಂಗತಿ, ಬಿಡುವು ಸಿಕ್ಕ ಕೂಡಲೇ ಆಸೆಗಳು ಎದ್ದು ಬರೋದಿಲ್ಲ, ಒಂದಷ್ಟು ವಾರ ಬೇಕು. ಈಗ ಅವರು ಮಹಿಳೆಯರ ತಾಳಮದ್ದಳೆ (ವೇಷವಿಲ್ಲದೆ ಕೂತು, ಹಾಡು ಮಾತಿನಲ್ಲೇ ನಡೆಸುವ ಯಕ್ಷಗಾನ) ಕೂಟವೊಂದಕ್ಕೆ ಹೋಗುತ್ತಾರೆ. ಅರ್ಥ ಹೇಳೋಕೆ ಚಿಕ್ಕಂದಿನಿಂದ ಆಸೆ ಇತ್ತಂತೆ. ಗಂಡನಿಗೆ ಇದು ಗೊತ್ತೇ ಇರಲಿಲ್ಲ.

ಎರಡನೆಯದು ವಾಪಸ್ ಬರುವ ಹೊತ್ತು. ಹೋಗುವುದರ ಬಗ್ಗೆ ವೀಣಾ ಅವರ ತಕರಾರು ಅಷ್ಟಾಗಿ ಇರಲಿಲ್ಲ, ಹೇಳಿದ ಹೊತ್ತಿಗೆ ಬಾರದೇ ಇರುವುದೇ ಸಿಟ್ಟು. ಎಂಟೂವರೆ ಅಂದರೆ ಎಂಟೂವರೆಗೆ ಕಾರು ಅಂಗಳದಲ್ಲಿ ಇರಬೇಕು. ತಡ ಆಗೋದಾದರೆ ಘಟ್ಟ ಹತ್ತುವ ಮೊದಲೇ ಫೋನ್ ಮಾಡಿ, ಮೇಲೆ ನೆಟ್‌ವರ್ಕ್ ನಂಬೋ ಹಾಗಿಲ್ಲ. ಒರೆಸುವ ಕೆಲಸ ಊಟ ಆದ ಮೇಲೆ.

ಮಾತು ಎತ್ತುವ ರೀತಿಯ ಬಗ್ಗೆ ವೀಣಾ ಅವರಿಗೂ ಹೇಳಿದೆ. ಕಾರು ಗೇಟಿನೊಳಗೆ ಬರುತ್ತಿದ್ದ ಹಾಗೇ "ಬಂತಾ ಸವಾರಿ?" ಅಂತ ಶುರುವಾದರೆ ಆ ಗಂಡಸು ಮಾತಿಗೆ ಸಿಗೋದಿಲ್ಲ, ಮೊಬೈಲ್ ಹಿಡಿದು ಕೂರುತ್ತಾನೆ, ಇವರ ದನಿ ಇನ್ನೂ ಏರುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಗಾಟ್‌ಮನ್ ಮತ್ತು ಅವರ ಜೊತೆಗಾರರು 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೊಸದಾಗಿ ಮದುವೆಯಾದವರ ಜಗಳದ ಮೊದಲ ಮೂರು ನಿಮಿಷ ನೋಡಿದರೇ ಮುಂದೆ ಆ ಸಂಸಾರ ಹೇಗೆ ಸಾಗೀತು ಅಂತ ಬಹುಮಟ್ಟಿಗೆ ಅಂದಾಜು ಸಿಕ್ಕಿತ್ತು. ಆರಂಭ ಅಷ್ಟು ಮುಖ್ಯ. ದೂರು ಹೇಳಲೇಬೇಕು, ಅದಕ್ಕೆ ರಾತ್ರಿ ಮಕ್ಕಳು ಮಲಗಿದ ಮೇಲೆ ಹೊತ್ತು ಇಟ್ಟುಕೊಳ್ಳಿ, "ನೀವು ಯಾವಾಗ್ಲೂ ಹೀಗೇ" ಬಿಟ್ಟು "ಇವತ್ತು ಮಗ ಹತ್ತು ಗಂಟೆವರೆಗೆ ಹಸಿದು ಕೂತಿದ್ದ, ನಂಗೆ ಬೇಜಾರಾಯ್ತು" ಅಂತ ನಡೆದದ್ದನ್ನು ಹೇಳಿ ಅಂದೆ.

ಮಕ್ಕಳ ವಿಷಯದಲ್ಲಿ ನಾನು ಕಟ್ಟುನಿಟ್ಟು. 14 ವರ್ಷದೊಳಗಿನ ಮಗು ಸೀಟ್ ಬೆಲ್ಟ್ ಅಥವಾ ಮಕ್ಕಳ ಸೀಟಿನಲ್ಲಿ ಭದ್ರವಾಗಿ ಇರಲೇಬೇಕು, ಇಲ್ಲದಿದ್ದರೆ ಮೋಟಾರು ವಾಹನ ಕಾಯ್ದೆಯಲ್ಲಿ 1000 ರೂಪಾಯಿ ದಂಡ ಇದೆ. ದಂಡ ಬಿಡಿ, ತೊಡೆ ಮೇಲೆ ಕೂರಿಸಿಕೊಂಡು ಒಂದು ಸುತ್ತು ಅನ್ನೋದು ಬೇಡವೇ ಬೇಡ. ಮಗಳು ತಿಂಗಳಿಗೊಂದು ಸಲ ಬೆಲ್ಟ್ ಹಾಕಿಕೊಂಡು, ಘಟ್ಟ ಬಿಟ್ಟು ಬೇರೆ ದಾರಿಯಲ್ಲಿ, ನಿಧಾನ. ಮಗ ಸ್ವಲ್ಪ ದೊಡ್ಡವನಾಗಲಿ. ಅಲ್ಲಿಯವರೆಗೆ ಅವನಿಗೂ ಅಪ್ಪನಿಗೂ ಸಮುದ್ರದ ದಂಡೆಯಲ್ಲಿ ಒಂದು ಸಂಜೆ, ನಡೆದುಕೊಂಡೇ.

ಮಳೆಗಾಲದಲ್ಲಿ ಕಾರು ಮುಚ್ಚಿಡುವುದಕ್ಕೆ ಶ್ರೀಧರ ತಾವಾಗಿಯೇ ಒಪ್ಪಿದರು. 2024ರ ಜುಲೈ 16ರಂದು ಅಂಕೋಲಾ ಹತ್ತಿರ ಶಿರೂರಿನಲ್ಲಿ ಗುಡ್ಡ ಹೆದ್ದಾರಿ ಮೇಲೆ ಕುಸಿದದ್ದನ್ನು ನೋಡಿದ ಯಾರೂ ಜೂನ್, ಜುಲೈನಲ್ಲಿ ಖುಷಿಗೆ ಅಂತ ಘಟ್ಟ ಹತ್ತಬಾರದು. ಬ್ಯಾಟರಿಗೆ ಚಾರ್ಜರ್ ಹಚ್ಚಿ, ವೈರು ಕಡಿಯದ ಹಾಗೆ ಇಲಿ ನೋಡಿಕೊಂಡು, ಸೀಟಿಗೆ ಬೂಷ್ಟು ಹಿಡಿಯದ ಹಾಗೆ ಆಗಾಗ ಬಾಗಿಲು ತೆಗೆದಿಟ್ಟರೆ ಆಯಿತು. ಆ ತಿಂಗಳುಗಳ ರವಿವಾರ ಪೂರ್ತಿ ಮನೆಗೆ.

ಕೊನೆಗೆ ಆ ಘಟ್ಟದ ದಾರಿ. ವೀಣಾ ಕಾರು ಕಲಿಯಲಿ ಅಂದದ್ದು ನಾನು, ಕಲಿಸಿದ್ದು ಡ್ರೈವಿಂಗ್ ಸ್ಕೂಲಿನವರು. ಗಂಡ ಕಲಿಸೋದು ಬೇಡ ಅಂತ ಮೊದಲೇ ಹೇಳಿದ್ದೆ, ಪಕ್ಕದಲ್ಲಿ ಕೂತು ಬ್ರೇಕು ಬ್ರೇಕು ಅಂತ ಕೂಗಿದರೆ ಇನ್ನೊಂದು ಜಗಳ. ಲೈಸೆನ್ಸ್ ಸಿಕ್ಕಿ ಕೈ ಪಳಗಿದ ಮೇಲೆ, ಅಡಿಕೆ ಕೊಯ್ಲಿನ ಹೊತ್ತಿಗೆ, ಎರಡೂ ಕಾರು ಒಟ್ಟಿಗೆ ದೇವಿಮನೆ ಹತ್ತಿದವು. ಹಳೇ ಕಾರಿನಲ್ಲಿ ವೀಣಾ, ಮಕ್ಕಳು, ಅತ್ತೆ. ತವರುಮನೆಯ ಮಣ್ಣು ರಸ್ತೆಗೆ ಸ್ಪೋರ್ಟ್ಸ್ ಕಾರಿನ ಹೊಟ್ಟೆ ತಾಗುತ್ತದೆ, ಹಾಗಾಗಿ ಅದನ್ನು ಡಾಂಬರು ರಸ್ತೆ ಪಕ್ಕ ನೆಂಟರ ಮನೆ ಅಂಗಳದಲ್ಲಿ ಬಿಟ್ಟು ಶ್ರೀಧರ ನಡೆದು ಹೋದರು. ಎರಡು ದಿನ ಅಲ್ಲೇ ಉಳಿದು ಮಾವನ ಜೊತೆ ಅಡಿಕೆ ಸುಲಿಯೋಕೂ ಕೂತರಂತೆ. ಮಧ್ಯೆ ಒಂದು ಸಂಜೆ ಮಕ್ಕಳನ್ನು ಅಜ್ಜನ ಹತ್ತಿರ ಬಿಟ್ಟು, ಆ ಎರಡು ಸೀಟಿನಲ್ಲಿ ಗಂಡ ಹೆಂಡತಿ ಇಬ್ಬರೇ ಬನವಾಸಿಗೆ ಹೋಗಿ ಬಂದರು. "ನನಗೆ ಕಾರಿನ ಬಗ್ಗೆ ಏನೂ ಗೊತ್ತಾಗೋದಿಲ್ಲ ಮೇಡಂ, ಆದ್ರೆ ಚಲೋ ಇತ್ತು" ಅಂದರು ವೀಣಾ.

ಎಲ್ಲವೂ ಸರಿಹೋಯಿತು ಅಂತ ಬರೆದರೆ ಸುಳ್ಳಾಗುತ್ತದೆ. ಬೇರೆ ರಾಜ್ಯದ ಗಾಡಿಯನ್ನು ಇಲ್ಲಿ 12 ತಿಂಗಳಿಗಿಂತ ಜಾಸ್ತಿ ಇಟ್ಟುಕೊಂಡರೆ ಇಲ್ಲಿನ ನಂಬರ್ ಮಾಡಿಸಿ ಲೈಫ್ ಟ್ಯಾಕ್ಸ್ ಕಟ್ಟಬೇಕು. ದೊಡ್ಡ ಮೊತ್ತ. ಶ್ರೀಧರ ಅದನ್ನು ಹೆಂಡತಿಗೆ ಹೇಳದೆ ಅಂಗಡಿಯ ಸಾಲದಲ್ಲಿ ಸೇರಿಸಿದ್ದರು. ವೀಣಾಗೆ ಅದು ಗೊತ್ತಾದದ್ದು ಬ್ಯಾಂಕಿನ ಕಾಗದ ಕೈಗೆ ಸಿಕ್ಕಾಗ. ಹೊತ್ತಿನ ಜಗಳಕ್ಕಿಂತ ಇದು ಆಳ. ಕಾರಿಗೆ ವರ್ಷಕ್ಕೆ ಇಷ್ಟೇ ಅಂತ ಇಬ್ಬರೂ ಕೂತು ಒಂದು ಮೊತ್ತ ಗೊತ್ತು ಮಾಡಿದ್ದಾರೆ. ಇನ್ಶೂರೆನ್ಸ್, ಟಯರ್, ಸರ್ವೀಸು, ಪೆಟ್ರೋಲು ಎಲ್ಲ ಅದರೊಳಗೇ. ಅದನ್ನು ದಾಟುವ ಖರ್ಚು ಬಂದರೆ ಮೊದಲು ಮಾತು, ಆಮೇಲೆ ದುಡ್ಡು. ಲೆಕ್ಕದ ಪುಸ್ತಕ ಈಗ ವೀಣಾ ಹತ್ತಿರ ಇದೆ. ಆದರೆ ಮುಚ್ಚಿಟ್ಟದ್ದರ ನೋವು ಪುಸ್ತಕ ಕೊಟ್ಟ ಮಾತ್ರಕ್ಕೆ ಹೋಗಿಲ್ಲ, ಇನ್ನೇನು ಮುಚ್ಚಿಟ್ಟಿದ್ದಾರೋ ಅಂತ ಆಕೆಗೆ ಈಗಲೂ ಅನಿಸುತ್ತದೆ, ಹಾಗೆ ಅನಿಸುವುದು ತಪ್ಪಲ್ಲ ಅಂತ ಶ್ರೀಧರ ಎದುರಿಗೇ ಹೇಳಿದ್ದೇನೆ. ಮುಂದಿನ ಭೇಟಿಗೆ ಅಂಗಡಿಯ ಸಾಲದ ಕಾಗದಗಳನ್ನೆಲ್ಲ ತರಲು ಅವರು ಒಪ್ಪಿದ್ದಾರೆ.