ಭತ್ತದ ಲೆಕ್ಕಕ್ಕೆ ಎಷ್ಟು ಫೈಲು?

ಪ್ರಶ್ನೆ: ದಲಾಲಿ ಅಂಗಡಿಯೊಂದಕ್ಕೆ ಭತ್ತ ಖರೀದಿಯ ವೆಬ್ ಅಪ್ಲಿಕೇಶನ್ ಬರೆದಿದ್ದೇನೆ; ಭಾಷೆ ಪಿಎಚ್‌ಪಿ, ಡೇಟಾಬೇಸ್ ಮೈಎಸ್‌ಕ್ಯೂಎಲ್. ಡೇಟಾಬೇಸ್ ಫಂಕ್ಷನ್‌ಗಳೆಲ್ಲ ಒಂದೇ ಫೈಲಿನಲ್ಲಿ 2,000 ಸಾಲು ದಾಟಿವೆ. ಪುಟಕ್ಕೊಂದು ಫೈಲ್ ಮಾಡಲೇ, ಟೇಬಲ್‌ಗೊಂದು ಮಾಡಲೇ? ಖರೀದಿ ಉಳಿಸುವ ಫಂಕ್ಷನ್ ಖರೀದಿ, ದಾಸ್ತಾನು, ರೈತರ ಖಾತೆ ಮೂರನ್ನೂ ಮುಟ್ಟುತ್ತದೆ. ಅದನ್ನು ಎಲ್ಲಿಡಲಿ?
– ಓದುಗರೊಬ್ಬರು, ಗಂಗಾವತಿ, ಕೊಪ್ಪಳ ಜಿಲ್ಲೆ

ಉತ್ತರ: ಪುಟಕ್ಕೊಂದು ಬೇಡವೇ ಬೇಡ. ರೈತರ ಬಾಕಿ ತೆಗೆಯುವ ಕ್ವೆರಿ (ಡೇಟಾಬೇಸಿಗೆ ಕೇಳುವ ಪ್ರಶ್ನೆ) ಖರೀದಿ ಪುಟಕ್ಕೂ ಬೇಕು, ಪಾವತಿ ಪುಟಕ್ಕೂ ಬೇಕು. ಎರಡು ಕಡೆ ನಕಲಾದರೆ ಒಂದನ್ನು ತಿದ್ದಿ ಇನ್ನೊಂದನ್ನು ಮರೆಯುತ್ತೀರಿ. ಒಬ್ಬನೇ ರೈತನಿಗೆ ಎರಡು ಬಾಕಿ ಕಾಣುತ್ತದೆ. ಟೇಬಲ್‌ಗೊಂದು ಎಂದರೂ ತೊಡಕಿದೆ: ಖರೀದಿ ಚೀಟಿ ಒಂದು ಟೇಬಲ್, ಅದರ ತಳಿವಾರು ಸಾಲುಗಳು ಇನ್ನೊಂದು, ಅವನ್ನು ಬೇರೆ ಮಾಡಿ ಪ್ರಯೋಜನವಿಲ್ಲ. ವ್ಯವಹಾರಕ್ಕೊಂದು ಫೈಲ್ ಇಡಿ: ರೈತರು, ಖರೀದಿ, ದಾಸ್ತಾನು, ಪಾವತಿ. ಡೇಟಾಬೇಸ್ ಕನೆಕ್ಷನ್ ತೆರೆಯುವುದಕ್ಕೆ ಬೇರೆ ಫೈಲ್; ಪಾಸ್‌ವರ್ಡ್ ಇರುವ ಫೈಲನ್ನು ಬ್ರೌಸರ್‌ಗೆ ಎಟುಕದ ಫೋಲ್ಡರಿನಲ್ಲಿಡಿ.

ಮೂರು ಟೇಬಲ್ ಮುಟ್ಟಿದರೂ ಅಂಗಡಿಯವರು ಆ ಕೆಲಸವನ್ನು ಖರೀದಿ ಎಂದೇ ಕರೆಯುತ್ತಾರೆ, ಅದು ಖರೀದಿ ಫೈಲಿಗೇ ಸೇರಲಿ. ದಾಸ್ತಾನು ಏರಿಸಲು, ಖಾತೆಗೆ ಜಮಾ ಮಾಡಲು ಆಯಾ ಫೈಲಿನ ಫಂಕ್ಷನ್‌ಗಳನ್ನು ಅದು ಕರೆಯಲಿ. ಎಚ್ಚರ ಬೇಕಾದದ್ದು ಇಲ್ಲೇ. ಟ್ರಾನ್ಸಾಕ್ಷನ್ ಎಂದರೆ ಎಲ್ಲ ಬದಲಾವಣೆಯೂ ಒಟ್ಟಿಗೆ ಉಳಿಯಬೇಕು, ಇಲ್ಲವೇ ಯಾವುದೂ ಉಳಿಯಬಾರದು ಎಂಬ ಕಟ್ಟು. ಅದನ್ನು ಶುರುಮಾಡುವುದು, ಮುಗಿಸುವುದು ಖರೀದಿ ಫಂಕ್ಷನ್ ಒಂದರದೇ ಕೆಲಸ. ಒಳಗಿನವು ಅದಕ್ಕೆ ಕೈ ಹಾಕಬಾರದು. ಪಿಡಿಒದಲ್ಲಿ (ಪಿಎಚ್‌ಪಿಯಿಂದ ಡೇಟಾಬೇಸ್ ಮುಟ್ಟುವ ಸೌಲಭ್ಯ) ಒಳಗೆ ಮತ್ತೊಂದು ಶುರುಮಾಡಿದರೆ ಎರರ್ ಬಂದು ನಿಲ್ಲುತ್ತದೆ. ಟ್ರಾನ್ಸಾಕ್ಷನ್ ಆರಂಭದ ಆಜ್ಞೆಯನ್ನು ನೇರ ಎಸ್‌ಕ್ಯೂಎಲ್‌ನಲ್ಲಿ ಬರೆದಿದ್ದರೆ ಇನ್ನೂ ಅಪಾಯ: ಮೈಎಸ್‌ಕ್ಯೂಎಲ್ ಹಿಂದಿನದನ್ನು ಸದ್ದಿಲ್ಲದೆ ಕಮಿಟ್ ಮಾಡುತ್ತದೆ, ಅಂದರೆ ಕಾಯಂ ಮಾಡಿಬಿಡುತ್ತದೆ. ಆಮೇಲೆ ಖಾತೆ ಬರೆಯುವಾಗ ತಪ್ಪಾದರೆ ಭತ್ತ ದಾಸ್ತಾನಿಗೆ ಸೇರಿರುತ್ತದೆ, ರೈತನ ಹಣ ಜಮಾ ಆಗಿರುವುದಿಲ್ಲ. ಎಲ್ಲ ಫಂಕ್ಷನ್‌ಗಳಿಗೂ ಒಂದೇ ಕನೆಕ್ಷನ್ ಕೊಡಿ. ಮೈಎಸ್‌ಕ್ಯೂಎಲ್ ಟೇಬಲ್‌ಗಳನ್ನು ಉಳಿಸುವ ಬಗೆಗಳಲ್ಲಿ ಇನ್ನೊಡಿಬಿಯನ್ನೇ ಬಳಸಿ; ಮೈಐಸಾಮ್ ಎಂಬ ಬಗೆಯಲ್ಲಿ ರೋಲ್‌ಬ್ಯಾಕ್ (ಬದಲಾವಣೆ ಹಿಂದಕ್ಕೆ ಪಡೆಯುವುದು) ನಡೆಯುವುದಿಲ್ಲ.

75 ಕೆ.ಜಿ. ಚೀಲವನ್ನು ಕ್ವಿಂಟಲ್‌ಗೆ ತಿರುಗಿಸುವಂಥ ಲೆಕ್ಕಗಳಿಗೆ ಡೇಟಾಬೇಸ್ ಬೇಕಿಲ್ಲ, ಅವು ಬೇರೆ ಫೈಲಿನಲ್ಲಿರಲಿ.

ಒಂದೇ ದಿನ ಎಲ್ಲ ಒಡೆಯಬೇಡಿ. ಮೊದಲು ರೈತರ ಫಂಕ್ಷನ್‌ಗಳನ್ನು ಹೊಸ ಫೈಲಿಗೆ ಸಾಗಿಸಿ, ಹಳೆಯ ಫೈಲಿನಲ್ಲಿ ಅದನ್ನು ರಿಕ್ವೈರ್-ಒನ್ಸ್ ಮಾಡಿ (ಇನ್ನೊಂದು ಫೈಲನ್ನು ಒಂದೇ ಸಲ ಸೇರಿಸಿಕೊಳ್ಳುವ ಆಜ್ಞೆ). ಪುಟಗಳು ಹಾಗೇ ನಡೆಯುತ್ತವೆ. ಫಂಕ್ಷನ್ ಎರಡು ಕಡೆ ಉಳಿದರೆ ‘ಕ್ಯಾನಾಟ್ ರಿಡಿಕ್ಲೇರ್’ (ಮತ್ತೆ ಘೋಷಿಸಲಾಗದು) ಎಂಬ ಎರರ್ ಬರುತ್ತದೆ, ಹಳೆಯದನ್ನು ಅಳಿಸಿ. ಹೊಸ ಫೈಲಿನ ಕೊನೆಗೆ ಪಿಎಚ್‌ಪಿ ಮುಕ್ತಾಯದ ಗುರುತು ಹಾಕಬೇಡಿ. ಅದರ ನಂತರ ಉಳಿದ ಖಾಲಿ ಸಾಲುಗಳು ಬ್ರೌಸರ್‌ಗೆ ಹೋಗಿ, ಲಾಗಿನ್ ಆದಮೇಲೆ ಮುಂದಿನ ಪುಟಕ್ಕೆ ಕಳಿಸುವ ಹೆಡರ್ (ಪುಟಕ್ಕಿಂತ ಮೊದಲು ಹೋಗಬೇಕಾದ ಸೂಚನೆ) ಕೆಲಸ ಮಾಡದೆ ನಿಲ್ಲಬಹುದು.