ಬಿಡುವ ನಿರ್ಧಾರವನ್ನು ನಾಲ್ಕು ಸಾಲಿನಲ್ಲಿ ಮುಗಿಸಬೇಡಿ: ಬ್ಯಾಡಗಿಯ ಲೇಖಕರೊಬ್ಬರಿಗೆ ಉತ್ತರ

ಧಾರವಾಡ

ಮಾನ್ಯರೆ,

ನಮಸ್ಕಾರ. ಟೆರಿಟೋರಿಯಲ್ ಆರ್ಮಿಯ ಹವಾಲ್ದಾರ್ ಸೇವೆಯಿಂದ ಹೊರಬರುವ ಕುರಿತು ನೀವು ಕಳಿಸಿದ ಲೇಖನವನ್ನು ನಾನೂ ನನ್ನ ಸಹಸಂಪಾದಕರೂ ಓದಿದ್ದೇವೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ವಿಷಾದದ ಒಂದು ಸಾಲು ಬರೆದು ಮರಳಿಸಿಬಿಡುವಂಥ ಬರಹವೂ ಇದಲ್ಲ. ಬ್ಯಾಡಗಿಯ ದಲ್ಲಾಳಿ ಅಂಗಡಿಯಲ್ಲಿ ಮೆಣಸಿನಕಾಯಿ ಮಾರಾಟದ ಲೆಕ್ಕದ ಪಟ್ಟಿ ಬರೆಯುತ್ತ, ವರ್ಷಕ್ಕೆ ಎರಡು ತಿಂಗಳು ಸಮವಸ್ತ್ರ ತೊಟ್ಟು ಕ್ಯಾಂಪಿಗೆ ಹೋಗುತ್ತ, ಸರ್ಕಾರ ಕರೆದಾಗ ಅಂಗಡಿ ಮನೆ ಎರಡನ್ನೂ ಬಿಟ್ಟು ದೂರದ ಪಹರೆಗೆ ನಿಲ್ಲುವ ಮನುಷ್ಯ ತನ್ನ ಕಥೆಯನ್ನು ತಾನೇ ಬರೆದು ನಮ್ಮ ಪತ್ರಿಕೆಗೆ ಕಳಿಸಿದ್ದು ಇದೇ ಮೊದಲು. ಆದ್ದರಿಂದ ಮುಚ್ಚುಮರೆಯಿಲ್ಲದೆ ಬರೆಯುತ್ತಿದ್ದೇನೆ.

ನಿಮ್ಮ ಮೊದಲ ಎರಡು ಪುಟಗಳು ಮೈಲಾರ ಮಹಾದೇವಪ್ಪನವರಿಗೆ ಮೀಸಲಾಗಿವೆ. ಮೋಟೆಬೆನ್ನೂರಿನ ಅವರು 1930ರ ದಾಂಡಿ ಯಾತ್ರೆಯಲ್ಲಿ ಗಾಂಧೀಜಿಯವರೊಂದಿಗೆ ನಡೆದವರು, 1943ರಲ್ಲಿ ಹೊಸರಿತ್ತಿಯಲ್ಲಿ ಗುಂಡೇಟಿಗೆ ಬಲಿಯಾದವರು. ನಿಮ್ಮ ಊರಿನ ಪಕ್ಕದ ಆ ಹೆಸರು ನಿಮ್ಮ ಮನಸ್ಸಿನಲ್ಲಿ ಎಷ್ಟು ಆಳವಾಗಿ ನಿಂತಿದೆ ಎಂಬುದು ನನಗೆ ತಿಳಿಯುತ್ತದೆ, ಅದರ ಬಗ್ಗೆ ಗೌರವವೂ ಇದೆ. ಆದರೂ ಆ ಪುಟಗಳನ್ನು ತೆಗೆಯಿರಿ. ಪ್ರಾಣ ಕೊಟ್ಟವರ ಪಕ್ಕದಲ್ಲಿ ನಿಂತು ಬಿಡುಗಡೆಯ ಅರ್ಜಿ ಬರೆಯುವವನು ಮಾತು ತೆಗೆಯುವ ಮೊದಲೇ ತಪ್ಪಿತಸ್ಥನಂತೆ ಕಾಣತೊಡಗುತ್ತಾನೆ, ಮತ್ತು ಆಮೇಲೆ ನೀವು ಹೇಳುವುದೆಲ್ಲ ಕ್ಷಮೆಯಾಚನೆಯ ಧ್ವನಿ ಪಡೆಯುತ್ತದೆ. ಕರಾರಿನ ಅವಧಿಯನ್ನು ನಿಷ್ಠೆಯಿಂದ ಪೂರೈಸಿದ ನೀವು ಯಾರ ಕ್ಷಮೆಯನ್ನೂ ಕೇಳಬೇಕಾಗಿಲ್ಲ.

ಆ ಜಾಗದಲ್ಲಿ ಓದುಗರಿಗೆ ಈ ಸೇನೆ ಏನೆಂಬುದನ್ನು ಒಂದೇ ಪ್ಯಾರಾದಲ್ಲಿ ತಿಳಿಸಿ. 1948ರ ಕಾಯ್ದೆಯಿಂದ ಹುಟ್ಟಿ, 1949ರ ಅಕ್ಟೋಬರ್ 9ರಂದು ಅಂದಿನ ಗವರ್ನರ್ ಜನರಲ್ ಸಿ. ರಾಜಗೋಪಾಲಾಚಾರಿಯವರಿಂದ ಉದ್ಘಾಟನೆಗೊಂಡ ಈ ಪಡೆಯ ಹೆಸರು ಕೇಳಿದರೆ ಹಾವೇರಿ, ಗದಗಿನ ಹೆಚ್ಚಿನವರಿಗೆ ನೆನಪಾಗುವುದು ಮಹೇಂದ್ರ ಸಿಂಗ್ ಧೋನಿ ಒಬ್ಬರೇ. ಸ್ವಂತ ಉದ್ಯೋಗ ಇಟ್ಟುಕೊಂಡೇ ಸೇರುವ ಸೇನೆ ಇದು ಎಂಬುದು ಗೊತ್ತಾಗದೆ ನಿಮ್ಮ ಇಕ್ಕಟ್ಟು ಯಾರಿಗೂ ಅರ್ಥವಾಗುವುದಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ನಾಲ್ಕನೆಯ ಪುಟದಲ್ಲಿ, ಮೊದಲ 7 ವರ್ಷಗಳ ಕರಾರು ಮುಗಿದು, ಆಮೇಲೆ ಪಡೆದ ಮುಂದುವರಿಕೆಯೂ ಮುಗಿಯುತ್ತ ಬಂದ ಹೊತ್ತಿನಲ್ಲಿ, ಬಿಡಬೇಕೆಂದು ನೀವು ಯೋಚಿಸುತ್ತಿರುವಾಗಲೇ 2025ರ ಮೇ ತಿಂಗಳಲ್ಲಿ ಪಾಕಿಸ್ತಾನದೊಂದಿಗಿನ ಸಂಘರ್ಷದ ನಡುವೆ ಆ ಸುದ್ದಿ ಬಂತೆಂದು ಬರೆದಿದ್ದೀರಿ. ಆ ಮೇ 6ರ ಅಧಿಸೂಚನೆ ಟೆರಿಟೋರಿಯಲ್ ಆರ್ಮಿ ನಿಯಮಗಳ 33ನೇ ನಿಯಮದಡಿ ಆ ಪಡೆಯ ಪ್ರತಿಯೊಬ್ಬ ಅಧಿಕಾರಿಯನ್ನೂ ಸೈನಿಕನನ್ನೂ ಕರೆಸಿಕೊಳ್ಳುವ ಅಧಿಕಾರವನ್ನು ಸೇನಾ ಮುಖ್ಯಸ್ಥರಿಗೆ ಕೊಟ್ಟಿತು; 32 ಪದಾತಿ ಬೆಟಾಲಿಯನ್‌ಗಳ ಪೈಕಿ 14ನ್ನು ನಿಯೋಜಿಸುವ ಮಾತು ಅದರಲ್ಲಿತ್ತು; 2028ರ ಫೆಬ್ರುವರಿ 9ರವರೆಗೆ ಅದರ ಅವಧಿ. ‘ಇಂಥ ಹೊತ್ತಿನಲ್ಲಿ ಬಿಡುವುದು ಸರಿಯೆ’ ಎಂದು ಕೇಳಿಕೊಂಡು, ನಾಲ್ಕು ಸಾಲಿನಲ್ಲಿ ಅದನ್ನು ಮುಗಿಸಿ, ಮುಂದಿನ ಪ್ಯಾರಾದಲ್ಲಿ ನೇರವಾಗಿ ಬೀಳ್ಕೊಡುಗೆಯ ಬಡಾಖಾನಾಕ್ಕೆ (ಪಡೆಯವರೆಲ್ಲ ಕೂಡಿ ಉಣ್ಣುವ ಔತಣಕ್ಕೆ) ಹೋಗಿಬಿಟ್ಟಿದ್ದೀರಿ. ನಿಮ್ಮ ಇಡೀ ಲೇಖನ ಇರುವುದು ಆ ನಾಲ್ಕು ಸಾಲುಗಳಲ್ಲಿ. ಉಳಿದದ್ದನ್ನೆಲ್ಲ ಅವುಗಳ ಸುತ್ತ ಮತ್ತೆ ಕಟ್ಟಬೇಕು.

ಆ ಪ್ರಶ್ನೆಗೆ ಕಾನೂನಿನ ಒಂದು ಉತ್ತರವಿದೆ, ನೀವು ಅದನ್ನು ಹೇಳಿಯೇ ಇಲ್ಲ. ಕಾಯ್ದೆಯ 8ನೇ ಕಲಂ ಪ್ರಕಾರ ಕರಾರಿನ ಅವಧಿ ಮುಗಿದ ಸೈನಿಕನಿಗೆ ಬಿಡುಗಡೆ ಪಡೆಯುವ ಹಕ್ಕಿದೆ; ಅವಧಿಗೆ ಮುಂಚೆಯೂ ಷರತ್ತುಗಳಿಗೊಳಪಟ್ಟು ಬಿಡುಗಡೆ ದೊರೆಯಬಹುದು; ಆದರೆ ಕರೆಯ ಮೇರೆಗೆ ಸೇವೆಯಲ್ಲಿ ತೊಡಗಿರುವವನಿಗೆ ಆ ಸೇವೆ ಮುಗಿಯುವ ತನಕ ಅಂಥ ಹಕ್ಕಿಲ್ಲ. ಎಂದರೆ ನಿಮ್ಮ ಬೆಟಾಲಿಯನ್ನಿಗೆ ಕರೆ ಬಂದಿತ್ತೊ ಇಲ್ಲವೊ ಎಂಬುದರ ಮೇಲೆ ನಿಮ್ಮ ಕಥೆಯ ಸ್ವರೂಪವೇ ಬದಲಾಗುತ್ತದೆ. ಬಂದಿದ್ದರೆ ನಿಮಗೆ ಆಯ್ಕೆಯೇ ಇರಲಿಲ್ಲ, ಬರೆಯಬೇಕಾದದ್ದು ಕಾಯುವಿಕೆಯ ಬಗ್ಗೆ. ಬರದಿದ್ದರೆ ಬಿಡುವ ದಾರಿ ತೆರೆದೇ ಇತ್ತು, ಮತ್ತು ನಿಜವಾದ ಕಷ್ಟ ಶುರುವಾಗುವುದೇ ಅಲ್ಲಿ: ಹಕ್ಕಿದೆ, ಆದರೆ ಟೀವಿಯ ಮುಂದೆ ಊರಿಗೆ ಊರೇ ಕೂತಿರುವ ದಿನಗಳಲ್ಲಿ ಅದನ್ನು ಬಳಸುವುದು ಹೇಗೆ?

ಈ ಬಗ್ಗೆ ನನಗೊಂದು ಖಚಿತ ಅಭಿಪ್ರಾಯವಿದೆ, ನೀವು ಒಪ್ಪಲೇಬೇಕೆಂದಿಲ್ಲ. ನಾಚಿಕೆಗೆ ಅಂಜಿ ಸೇವೆಯಲ್ಲಿ ಉಳಿಯುವವನು ತನ್ನ ಸೆಕ್ಷನ್ನಿಗೆ, ಎಂದರೆ ತಾನು ನೋಡಿಕೊಳ್ಳುವ ಸೈನಿಕರ ಸಣ್ಣ ಗುಂಪಿಗೆ, ಉಪಕಾರ ಮಾಡುವುದಿಲ್ಲ. ಮುಂಚಿತವಾಗಿ ತಿಳಿಸಿ ತೆರವು ಮಾಡಿದ ಜಾಗವನ್ನು ಕಂಪನಿ ತುಂಬಿಕೊಳ್ಳಬಲ್ಲದು; ಹೆಸರು ಪಟ್ಟಿಯಲ್ಲಿದ್ದು ಮನಸ್ಸು ಮನೆಯಲ್ಲಿರುವವನ ಜಾಗವನ್ನು ತುಂಬಲು ಯಾರಿಗೂ ಸಾಧ್ಯವಿಲ್ಲ. ಹೀಗಾಗಿ ಬಿಡುವ ಸರಿಯಾದ ಕಾಲ ಯಾವುದೆಂದರೆ, ಕರಾರಿನ ಅವಧಿ ಮುಗಿಯುವ ಹೊತ್ತು, ಕರೆ ಇಲ್ಲದ ಹೊತ್ತು, ಮತ್ತು ಕೆಲಸ ಇನ್ನೂ ನಿಮ್ಮಿಂದ ಚೆನ್ನಾಗಿ ಆಗುತ್ತಿರುವ ಹೊತ್ತು. ಮೂರೂ ಒಟ್ಟಿಗೆ ಸಿಗುವುದು ಅಪರೂಪ. ನಿಮಗೆ ಯಾವುದು ಸಿಕ್ಕಿತು, ಯಾವುದು ಸಿಗಲಿಲ್ಲ ಎಂಬುದನ್ನು ಬರೆಯಿರಿ. ‘ಮನೆಯ ಪರಿಸ್ಥಿತಿಯಿಂದಾಗಿ’ ಎಂದು ಮೂರು ಕಡೆ ಬರೆದಿದ್ದೀರಿ. ತಂದೆಯವರಿಗೆ ಲಕ್ವಾ ಹೊಡೆದದ್ದನ್ನು ಮಾತ್ರ ಒಂದೇ ಕಡೆ, ಅದೂ ಬಡಾಖಾನಾದ ವರ್ಣನೆಯ ನಡುವೆ ಸುಳಿದು ಹೋಗುವಂತೆ ಹೇಳಿದ್ದೀರಿ. ಅದೇ ಕಾರಣವಾಗಿದ್ದರೆ ಮೊದಲ ಪುಟದಲ್ಲೇ ಹೇಳಿ.

ಹೇಗೆ ಬಿಡಬೇಕೆಂಬ ಭಾಗ ಇನ್ನೂ ತೆಳುವಾಗಿದೆ. ಅರ್ಜಿ ಕೊಟ್ಟೆ, ಮಂಜೂರಾಯಿತು ಎಂದಷ್ಟೇ ಇದೆ. ಕಂಪನಿ ಕಮಾಂಡರಿಗೆ ಬಾಯಿಮಾತಿನಲ್ಲಿ ಮೊದಲು ಹೇಳಿದಿರೊ, ಅಥವಾ ಕಾಗದವೇ ಅವರ ಮೇಜಿಗೆ ಮೊದಲು ಹೋಯಿತೊ? ಎಷ್ಟು ಮುಂಚಿತವಾಗಿ? ನಿಮ್ಮ ನಂತರ ಸೆಕ್ಷನ್ ನೋಡಿಕೊಳ್ಳಬೇಕಾದ ರೋಣದ ಕಡೆಯ ಆ ನಾಯಕ್ (ಹವಾಲ್ದಾರನಿಗಿಂತ ಒಂದು ಹುದ್ದೆ ಕೆಳಗಿನವನು) ಒಂದು ಕಡೆ ಬಂದು ಮರೆಯಾಗುತ್ತಾನೆ. ಕೊನೆಯ ಕ್ಯಾಂಪಿನಲ್ಲಿ ಅವನಿಗೆ ಏನೇನು ಕಲಿಸಿ ಬಂದಿರಿ? ಯಾವ ಹುಡುಗನಿಗೆ ಮನೆಯ ಚಿಂತೆಯಿದೆ, ಯಾರಿಗೆ ಮೊಣಕಾಲಿನ ನೋವಿದ್ದರೂ ಬಾಯಿಬಿಡುವುದಿಲ್ಲ ಎಂಬುದು ಯಾವ ರಿಜಿಸ್ಟರಿನಲ್ಲೂ ಇರುವುದಿಲ್ಲ. ಸ್ಟೋರಿಗೆ ಸಾಮಾನು ಒಪ್ಪಿಸಿ ಕ್ಲಿಯರೆನ್ಸ್ ಪಡೆದ ವಿವರವನ್ನು ಒಂದು ಪುಟ ತುಂಬ ಬರೆದಿದ್ದೀರಿ, ಅದು ಚೆನ್ನಾಗಿಯೂ ಇದೆ, ಆದರೆ ಒಪ್ಪಿಸಬೇಕಾದದ್ದು ಸಾಮಾನಷ್ಟೇ ಆಗಿರಲಿಲ್ಲವಲ್ಲ. ಘನತೆಯಿಂದ ಹೊರಬರುವುದು ಎಂಬ ನಿಮ್ಮ ಮಾತಿಗೆ ಆಧಾರ ಸಿಗುವುದು ಈ ಒಪ್ಪಿಸುವಿಕೆಯ ವಿವರದಲ್ಲಿ. ಹಾರ, ಶಾಲು, ಭಾಷಣಗಳಲ್ಲಿ ಸಿಗಲಾರದು.

ಅಂಗಡಿಯ ಸಾವಕಾರರ ಚಿತ್ರಣದ ಬಗ್ಗೆ ನನ್ನ ತಕರಾರಿದೆ. ‘ಸುಗ್ಗ್ಯಾಗ ನೀ ಹೋದ್ರ ಪಟ್ಟಿ ಯಾರ್ ಬರಿಬೇಕೋ ತಮ್ಮಾ?’ ಎಂಬ ಅವರ ಮಾತು ನಿಮ್ಮ ಲೇಖನದ ಅತ್ಯುತ್ತಮ ಸಾಲು. ಸೋಮವಾರ, ಗುರುವಾರದ ಟೆಂಡರ್ ದಿನಗಳಲ್ಲಿ ಬ್ಯಾಡಗಿ ಮಾರುಕಟ್ಟೆ ಹೇಗಿರುತ್ತದೆಂದು ಕಂಡವರಿಗೆ ಆ ಮಾತಿನ ತೂಕ ಗೊತ್ತು. ಆದರೆ ಅದಾದ ಮೇಲೆ ಅವರನ್ನು ದೇಶದ ಚಿಂತೆಯಿಲ್ಲದ ವ್ಯಾಪಾರಿಯೆಂದು ನೀವು ತಳ್ಳಿಹಾಕುತ್ತೀರಿ. ಕರೆಬಂದ ನೌಕರನಿಗೆ ರಜೆ ಕೊಟ್ಟು, ಮರಳಿದಾಗ ಮೊದಲಿಗಿಂತ ಕಡಿಮೆಯಲ್ಲದ ಷರತ್ತುಗಳ ಮೇಲೆ ಕೆಲಸಕ್ಕೆ ತೆಗೆದುಕೊಳ್ಳಬೇಕೆಂದು ಕಾಯ್ದೆಯ 7ಎ ಕಲಂ ಮಾಲೀಕರಿಗೆ ವಿಧಿಸುತ್ತದೆ, ನಿಜ. ಆದರೆ ನಿಮ್ಮದೇ ಬರಹದ ಪ್ರಕಾರ ಈ ಸಾವಕಾರರಿಗೆ ಆ ಕಲಂ ಯಾರೂ ತೋರಿಸಿರಲಿಲ್ಲ. ಪ್ರತಿ ಸಲ ನಿಮ್ಮ ಖುರ್ಚಿಯನ್ನು ಅವರು ತಾವಾಗಿಯೇ ಕಾದಿಟ್ಟರು. ನಿಮ್ಮ ಸೇವೆಯ ಭಾರದಲ್ಲಿ ಒಂದು ಪಾಲು ಅವರೂ ಹೊತ್ತಿದ್ದಾರೆ. ಅದನ್ನು ಗುರುತಿಸಿ ಬರೆದರೆ ಲೇಖನ ದೊಡ್ಡದಾಗುತ್ತದೆ, ನೀವೂ ದೊಡ್ಡವರಾಗುತ್ತೀರಿ.

‘ಪಿಂಚಣಿಯ ಆಸೆಯನ್ನೂ ತ್ಯಜಿಸಿ’ ಎಂಬ ಸಾಲು ಓದುಗರನ್ನು ದಾರಿ ತಪ್ಪಿಸುತ್ತದೆ. ಅಧಿಕಾರಿಗಳಲ್ಲದವರಿಗೆ ಪಿಂಚಣಿ ಸಿಗಬೇಕಾದರೆ ಎಂಬಾಡಿಡ್ ಸೇವೆ, ಎಂದರೆ ಕರೆಯ ಮೇರೆಗೆ ಪೂರ್ಣಾವಧಿ ಸೇವೆಯಲ್ಲಿ ಕಳೆದ ಕಾಲ, ಒಟ್ಟು 15 ವರ್ಷ ಆಗಬೇಕು, ಅಧಿಕಾರಿಗಳಿಗೆ 20. ಸೇರಿದ ದಿನದಿಂದ ಕ್ಯಾಲೆಂಡರಿನಲ್ಲಿ ಎಣಿಸಿದ ವರ್ಷಗಳು ಇಲ್ಲಿ ಲೆಕ್ಕಕ್ಕಿಲ್ಲ. ನಿಮ್ಮ ಎಂಬಾಡಿಡ್ ಸೇವೆ ಅದರ ಹತ್ತಿರಕ್ಕೂ ಬಂದಿರಲಿಲ್ಲವೆಂದು ನೀವು ಕೊಟ್ಟ ವಿವರಗಳೇ ಹೇಳುತ್ತವೆ. ಇಲ್ಲದ್ದನ್ನು ತ್ಯಜಿಸಿದಂತೆ ಬರೆಯುವುದು ಬೇಡ. ಈ ಲೆಕ್ಕವನ್ನು ಬಿಡಿಸಿ ಹೇಳಿದರೆ, ಸೇರಬೇಕೊ ಬಿಡಬೇಕೊ ಎಂದು ಯೋಚಿಸುತ್ತಿರುವ ಹಳ್ಳಿಯ ಹುಡುಗರಿಗೆ ಉಪಯೋಗವಾಗುತ್ತದೆ.

ಪಹರೆಯ ಜಾಗ, ಪೋಸ್ಟಿನಲ್ಲಿದ್ದವರ ಸಂಖ್ಯೆ, ಜೊತೆಗಾರರ ಹೆಸರು ಮತ್ತು ಫೋಟೊ ಇವೆಲ್ಲವನ್ನೂ ತೆಗೆಯಿರಿ. ಇದರಲ್ಲಿ ಚರ್ಚೆಗೆ ಆಸ್ಪದವಿಲ್ಲ. ಸೇವೆಗೆ ಸಂಬಂಧಿಸಿದ ವಿಷಯವನ್ನು ಅನುಮತಿಯಿಲ್ಲದೆ ಪತ್ರಿಕೆಗೆ ಕೊಡುವುದನ್ನು ಸೇನಾ ನಿಯಮಗಳು ತಡೆಯುತ್ತವೆ. ಅರ್ಜಿ ಮಂಜೂರಾಗಿದೆಯೆಂದು ಬರೆದಿದ್ದೀರಿ, ಬಿಡುಗಡೆಯ ಕಾಗದ ಕೈಗೆ ಬಂದಿದೆಯೊ ಇಲ್ಲವೊ ತಿಳಿಸಿಲ್ಲ. ಅದು ಬರುವ ತನಕ ನಾವು ಪ್ರಕಟಿಸುವುದಿಲ್ಲ.

ರಾಷ್ಟ್ರಧ್ವಜದ ಕುರಿತ ಕೊನೆಯ ಪ್ಯಾರಾ ಬೇಡ. ಬಿಟ್ಟ ಮೇಲಿನ ಮೊದಲ ಸುಗ್ಗಿಯ ಬಗ್ಗೆ, ಕ್ಯಾಂಪಿನ ಪತ್ರ ಬರಬೇಕಾಗಿದ್ದ ಕಾಲದಲ್ಲಿ ಬರದೆ ಹೋದ ಆ ವಾರಗಳ ಬಗ್ಗೆ, ಅನುಭವವಾದ ನಂತರವೇ ಬರೆಯಿರಿ. ನಮಗೆ ಅವಸರವಿಲ್ಲ; ಕಾಗದ ಬಂದ ಮೇಲೆ, ಸುಗ್ಗಿ ಮುಗಿಸಿ, ಎರಡು ಸಾವಿರ ಪದಗಳ ಒಳಗೆ ಹೊಸದಾಗಿ ಬರೆದು ನನ್ನ ಹೆಸರಿಗೇ ಕಳಿಸಿ. ನಿಮ್ಮ ಹಸ್ತಪ್ರತಿಯನ್ನು ಗುರುತುಗಳೊಂದಿಗೆ ಇದೇ ಲಕೋಟೆಯಲ್ಲಿ ಮರಳಿಸಿದ್ದೇನೆ. ನಾಲ್ಕನೆಯ ಪುಟದ ಅಂಚಿನಲ್ಲಿ ಬರೆದ ಪ್ರಶ್ನೆಗಳಿಗೆ ಮೊದಲು ಉತ್ತರ ಬರೆದುಕೊಳ್ಳಿ.

ವಿಶ್ವಾಸದಿಂದ,
ಸಂಪಾದಕ